ಅರ್ಥದಣ್ಣ

ಗಾಜಿನ ಕೋಣೆಯೊಳಗೆ ಕೂತಿದ್ದ ಮುದುಕರು ಮತ್ತೆ ಬೆರಳೆತ್ತಿದರು. ಹೊರಗೆ ಯಂತ್ರದ ಮುಂದಿದ್ದ ಅವನು ಸದ್ದು ಕಳಿಸುವ ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಕಿವಿಗೆ ದೊಡ್ಡ ಹೆಡ್‌ಫೋನು ಏರಿಸಿಕೊಂಡು, ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅವರು ಇಲ್ಲದ ಸದ್ದಿಗೆ ಬೆರಳೆತ್ತುತ್ತಿದ್ದರು. ಇದು ಹೊಸದೇನಲ್ಲ. ಕಿವಿ ಯಂತ್ರದ ಅಂಗಡಿಯಲ್ಲಿ ತಲೆ ನರೆಯುವಷ್ಟು ಕಾಲ ಜನರ ಕಿವಿ ಪರೀಕ್ಷೆ ಮಾಡಿದವನಿಗೆ ಅದು ಗೊತ್ತಿತ್ತು. ಯಾರೂ ಬೇಕೆಂದು ಸುಳ್ಳು ಹೇಳುವುದಿಲ್ಲ, ಸದ್ದು ಬರಬೇಕಾದ ಹೊತ್ತಾಯಿತು ಅನ್ನಿಸಿದರೆ ಸಾಕು, ಒಳಗೆಲ್ಲೋ ಸಣ್ಣಗೆ ಕುಂಯ್ ಅನ್ನುತ್ತದೆ, ಬೆರಳು ತಾನಾಗಿ ಏಳುತ್ತದೆ. ಬೇರೆ ದಿನವಾಗಿದ್ದರೆ ಬಾಗಿಲು ಸರಿಸಿ, "ಯಜಮಾನ್ರೇ, ಅವಸರ ಬೇಡ, ಕೇಳಿಸಿದ್ರೆ ಮಾತ್ರ" ಎಂದು ನಕ್ಕು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ. ಇವತ್ತು ಬಾಗಿಲು ಸರಿಸದೆ ಆ ಬೆರಳನ್ನೇ ನೋಡುತ್ತ ಕೂತ. ಮುದುಕರ ಮುಖದಲ್ಲಿ ಎಂಥ ನಿರಾಳ! ಕೇಳಿಸಿತಲ್ಲ ಎಂಬ ಸಂತೋಷ. ಅವನು ತಾನೂ ಒಂದು ಕ್ಷಣ ಕಣ್ಣು ಮುಚ್ಚಿಕೊಂಡ, ಮುಚ್ಚಿದ್ದೇ ತಡ ಕಪ್ಪು ದುಪಟ್ಟಾ ಸುತ್ತಿದ ಒಂದು ಕುತ್ತಿಗೆ ಕಾಣಿಸಿತು, ಫಕ್ಕನೆ ತೆರೆದ.

ಬೆಳಿಗ್ಗೆ ಷಟರ್ ಎತ್ತುವಾಗಲೇ ಪಾಸ್ಟರ ಫೋನು ಬಂದಿತ್ತು. ಪಾಸ್ಟರಿಗೆ ಖುಷಿಯಾದರೆ ಫೋನಿನಲ್ಲೂ ಮೈಕಿನ ಮುಂದೆ ನಿಂತ ಹಾಗೇ ಮಾತು. "ಗೊತ್ತಾಯ್ತಾ ಅರ್ಥದಣ್ಣ? ನಮ್ಮ ಅನೌನ್ಸರ್ ಹುಡುಗಿ ಆಪರೇಷನ್ನೇ ಬೇಡ ಅಂತ ಆಸ್ಪತ್ರೆಗೆ ಹೇಳಿಬಿಟ್ಟಿದ್ದಾಳೆ. ದೇವರು ಮಾತಾಡಿದ ಮೇಲೆ ಡಾಕ್ಟರ ಮಾತು ಯಾಕೆ ಅಂದಳಂತೆ. ಎಂಥ ನಂಬಿಕೆ ಸ್ವಾಮೀ! ಸ್ತೋತ್ರ, ಸ್ತೋತ್ರ." ಷಟರು ಅವನ ಕೈಯಲ್ಲೇ ಅರ್ಧಕ್ಕೆ ನಿಂತಿತ್ತು. ಅವನೂ "ಸ್ತೋತ್ರ" ಅಂದ. ಅಂದದ್ದೇ ಅವನನ್ನು ಈಗ ಹಿಂಡುತ್ತಿತ್ತು. ಬೇರೆ ಏನಾದರೂ ಅನ್ನಬಹುದಿತ್ತು. ಕೆಮ್ಮಬಹುದಿತ್ತು.

ಪೀಠೋಪಕರಣದ ಅಂಗಡಿಯ ಮಹಡಿಯ ಹಾಲಿನಲ್ಲಿ ಸೇರುವ ಆ ಸಣ್ಣ ಪ್ರಾರ್ಥನಾ ಸಭೆಯಲ್ಲಿ ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವನು ಅರ್ಥದಣ್ಣ. ಅತ್ತಿಗೆ ಅನ್ಯಭಾಷೆಯಲ್ಲಿ, ಎಂದರೆ ದೇವರೇ ಬಾಯಿಗೆ ಕೊಡುತ್ತಾನೆಂದು ಸಭೆ ನಂಬಿದ, ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡುವಳು, ಅವನು ಅದರ ಅರ್ಥ ಹೇಳುವನು. ಒಂದೇ ಮನೆಗೆ ಎರಡು ವರ ಬಂದಿವೆ ಎಂದು ಜನ ಕೊಂಡಾಡುತ್ತಿದ್ದರು. ಅಣ್ಣ ಸತ್ತು ಇನ್ನೂ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡದಿದ್ದ ದಿನಗಳಲ್ಲಿ ಅದು ಶುರುವಾಗಿತ್ತು. ಹುಟ್ಟಿದಾಗಿನಿಂದ ಉಗ್ಗುವ ಅತ್ತಿಗೆ, ಕಾಯಿಪಲ್ಲೆಯವನ ಮುಂದೆ ಬೇಕಾದದ್ದನ್ನು ಬೆರಳಿಂದ ತೋರಿಸಿ ತರುತ್ತಿದ್ದ ಅತ್ತಿಗೆ, ಒಂದು ಭಾನುವಾರ ಎಲ್ಲರೂ ಕಣ್ಣು ಮುಚ್ಚಿದ್ದಾಗ ಎದ್ದು ನಿಂತು ಬಾಯಿ ತೆರೆದಳು. ಎಲ್ಲೂ ತಡೆಯಿಲ್ಲ, ತೊಡರಿಲ್ಲ. ಯಾರೂ ಕೇಳಿರದ ಪದಗಳು ಒಂದರ ಹೆಗಲ ಮೇಲೆ ಒಂದು ಕೈಯಿಟ್ಟುಕೊಂಡು ಬಂದಂತೆ ಬರುತ್ತಲೇ ಇದ್ದವು. ಅವಳ ಕುತ್ತಿಗೆಯ ನರಗಳು ಸಡಿಲಾಗಿದ್ದವು, ಮುಖ ಹತ್ತು ವರ್ಷ ಎಳೆಯದಾಗಿತ್ತು. ಹೆಂಗಸರು ಅತ್ತರು. ಆಮೇಲೆ ಬಿದ್ದ ಮೌನದಲ್ಲಿ ಪಾಸ್ಟರು, "ಯಾರಿಗಾದರೂ ಅರ್ಥ ಬಂತೇ?" ಎಂದು ಕೇಳಿದಾಗ, ದೇವರಾಣೆಗೂ, ಅವನ ಎದೆಯೊಳಗೆ ಬಿಸಿಯಾದದ್ದೊಂದು ಮೇಲೆ ಬಂತು. 'ಮಗಳೇ, ನಿನ್ನ ಮನೆಯ ಕತ್ತಲಲ್ಲಿ ನಾನೂ ಕೂತಿದ್ದೇನೆ' ಎಂಬ ಮಾತು ಅವನ ಬಾಯಲ್ಲಿ ಬಂದು ನಿಂತಿತ್ತು. ಅದು ನಿಜವಾಗಿತ್ತು. ಈಗಲೂ ಆಣೆಯಿಟ್ಟು ಹೇಳಬಲ್ಲ. ಆದರೆ ಆ ಬಿಸಿ ಎಂದು ಆರಿತು? ದೀಪ ಆರಿದ ಹಾಗೆ ಆರಲಿಲ್ಲ. ಟೀ ತಣ್ಣಗಾದ ಹಾಗೆ, ಮಾತಾಡುತ್ತ ಕೂತಿದ್ದಾಗ, ತುಟಿಗಿಟ್ಟಾಗಷ್ಟೇ ಗೊತ್ತಾದ ಹಾಗೆ. ಆಮೇಲೂ ಪ್ರತಿ ವಾರ ಅತ್ತಿಗೆ ಏಳುತ್ತಿದ್ದಳು, ಸಭೆ ಅವನತ್ತ ತಿರುಗುತ್ತಿತ್ತು, ಅವನು ಏನಾದರೂ ಹೇಳಲೇಬೇಕಾಗಿತ್ತು. ಭಯಪಡಬೇಡ. ಬಾಗಿಲು ತೆರೆಯುತ್ತೇನೆ. ಕ್ಷಮಿಸು. ಇದರಲ್ಲಿ ಯಾರಿಗೆ ಏನು ಕೇಡು?

ಹೋದ ಭಾನುವಾರ ಅನೌನ್ಸರ್ ಹುಡುಗಿ ಎರಡನೇ ಸಾಲಿನಲ್ಲಿ ಕೂತಿದ್ದಳು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವ ಕೆಲಸ ಅವಳದು. ಭಾನುವಾರ ಸಭೆಯ ಹಾಡುಗಳನ್ನು ಎತ್ತಿಕೊಡುವವಳೂ ಅವಳೇ. ಮೂವತ್ತು ದಾಟಿದ್ದರೂ ಎಲ್ಲರ ಬಾಯಲ್ಲಿ ಹುಡುಗಿ. ಗಂಟಲಿನ ಹತ್ತಿರ ಗಂಟೊಂದು ಬೆಳೆದಿದೆ, ಕೊಯ್ದು ತೆಗೆಯಬೇಕು, ತಡಮಾಡುವಂಥದ್ದಲ್ಲ, ಪಕ್ಕದಲ್ಲೇ ದನಿಯ ನರ ಇದೆ, ಅದಕ್ಕೆ ಏನೂ ಆಗಲಾರದೆಂದು ಮಾತು ಕೊಡುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಎದ್ದು ನಿಂತು ಹೇಳಿ ಅತ್ತಿದ್ದಳು. ಆಮೇಲೆ ಅತ್ತಿಗೆ ಮಾತಾಡಿದಳು. ಅವನು ಕಣ್ಣು ಮುಚ್ಚಿ ಒಳಗೆ ತಡಕಿದ. ಏನೂ ಇರಲಿಲ್ಲ. ಖಾಲಿ ಡಬ್ಬಿಯ ತಳದಲ್ಲಿ ಬೆರಳಾಡಿಸಿದಂತೆ. ಕಣ್ಣು ತೆರೆದ. ಆ ಹುಡುಗಿ ಅವನನ್ನೇ ನೋಡುತ್ತಿದ್ದಳು. ಕುತ್ತಿಗೆಗೆ ಸುತ್ತಿದ್ದ ಕಪ್ಪು ದುಪಟ್ಟಾದ ಅಂಚು ಅವಳು ಉಗುಳು ನುಂಗಿದಾಗ ಮೇಲಕ್ಕೂ ಕೆಳಕ್ಕೂ ಸರಿಯಿತು. "ನಾನು ಕೊಟ್ಟ ಕಂಠಕ್ಕೆ ಕತ್ತಿ ತಾಕದು" ಎಂದ ಅವನು. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ಅವನ ಮೈ ಜುಮ್ಮೆಂದಿತು. ಕೊಟ್ಟ ಕಂಠಕ್ಕೆ ಕತ್ತಿ. ಅವಳ ಮುಖ ಅರಳುವುದನ್ನು ನೋಡಲೆಂದೇ ಹೇಳಿದೆನೇ? ಅರಳಿತ್ತು. ಅದು ತನ್ನಿಂದ ಅರಳಿತೆಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಅವನೊಳಗೆ ಒಂದು ಕಳ್ಳ ಸುಖ ಆಡುತ್ತಿತ್ತು. ಕನ್ನಡಿಯಂಗಡಿಯ ಮುಂದೆ ಹಾದಾಗ ಕೂದಲು ಸರಿಮಾಡಿಕೊಂಡಿದ್ದ. ಅದನ್ನು ನೆನೆದು ಈಗ ಕಿವಿ ಸುಟ್ಟುಹೋದಂತಾಯಿತು.

"ಮುಗೀತಾ?" ಎಂದು ಗಾಜಿನೊಳಗಿಂದ ಮುದುಕರು ಕೂಗಿದರು. "ಎಲ್ಲಾ ಕೇಳಿಸ್ತು ಕಣಪ್ಪಾ. ನಮ್ಮ ಸೊಸೆ ಸುಮ್ನೆ ಕಿವುಡ ಕಿವುಡ ಅಂತಾಳೆ."

ಸಂಜೆ ಅಂಗಡಿ ಮುಚ್ಚಿದವನು ಮನೆಯ ದಾರಿ ಬಿಟ್ಟು ಬಸ್ ನಿಲ್ದಾಣದ ಕಡೆ ತಿರುಗಿದ. ದೂರದಿಂದಲೇ ಅವಳ ದನಿ ಕೇಳಿಸುತ್ತಿತ್ತು. ತಗಡಿನ ಚಾವಣಿಗೆ ಕಟ್ಟಿದ ಧ್ವನಿವರ್ಧಕಗಳಿಂದ, ಹಾರ್ನುಗಳ, ಕೂಗಾಟದ ನಡುವೆ, ತೊಳೆದಿಟ್ಟ ಲೋಟದಂಥ ದನಿ. ಮೂಟೆಯ ಮೇಲೆ ಕೂತ ಹೆಂಗಸೊಬ್ಬಳು ಆ ದನಿ ಬಂದಾಗ ಸುಮ್ಮನೆ ತಲೆಯೆತ್ತಿ ನೋಡಿದಳು, ತನ್ನ ಬಸ್ಸಲ್ಲದಿದ್ದರೂ. ಈ ದನಿ ಹೋಗಿಬಿಟ್ಟರೆ? ಹಾಗೆ ನೋಡಿದರೆ ತಾನು ಹೇಳಿದ್ದೇ ಸರಿಯಲ್ಲವೇ, ದೇವರಿಗೂ ಇದನ್ನು ಕೊಯ್ಯಿಸಲು ಮನಸ್ಸು ಬಂದೀತೇ ಎಂದು ಮನಸ್ಸು ಹುಳ್ಳಗೆ ಒಂದು ಆಸರೆ ಹುಡುಕಿತು. ಅವನು ಅದನ್ನು ಒದ್ದು ಮೆಟ್ಟಿಲು ಹತ್ತಿದ.

ಇಬ್ಬರು ಕೂತರೆ ಮೊಣಕಾಲು ತಾಕುವಷ್ಟು ಸಣ್ಣ ಕೋಣೆ. ಅವಳು ಸ್ಟೂಲಿನ ಮೇಲಿದ್ದ ಊಟದ ಡಬ್ಬಿ ಎತ್ತಿ ಜಾಗ ಮಾಡಿದಳು. "ಅಣ್ಣಾ! ನೀವಾ? ಬನ್ನಿ, ಬನ್ನಿ. ಇಲ್ಲಿಗೆ ಯಾರೂ ಬರಲ್ಲ, ಬಂದ್ರೆ ಜಗಳಕ್ಕೇ ಬರೋದು."

"ಒಂದು ವಿಷಯ ಹೇಳೋಣ ಅಂತ ಬಂದೆ."

"ಒಂದ್ನಿಮಿಷ." ಅವಳು ಗುಂಡಿ ಒತ್ತಿ, ಎರಡನೇ ಪ್ಲಾಟ್‌ಫಾರ್ಮಿನ ಬಸ್ಸು ಹೊರಡಲು ಸಿದ್ಧವಿದೆಯೆಂದು, ಪ್ರಯಾಣಿಕರು ಬೇಗ ಹತ್ತಿಕೊಳ್ಳಬೇಕೆಂದು ಹೇಳಿದಳು. ಗುಂಡಿ ಬಿಟ್ಟು, ಮತ್ತೆ ಅದೇ ನಗು. "ಹೇಳಿ."

"ಆಪರೇಷನ್ ಮಾಡಿಸ್ಕೋಮ್ಮಾ."

ಅವಳ ನಗು ಹೋಗಲಿಲ್ಲ. ಅದೇ ಅವನಿಗೆ ಭಯವಾದದ್ದು. "ಪರೀಕ್ಷೆ ಮಾಡ್ತಿದ್ದೀರಾ? ಪಾಸ್ಟರ್ ಹೇಳಿದ್ರು, ನಂಬಿಕೆ ಇಟ್ಟ ಮೇಲೆ ನಾಲ್ಕು ಕಡೆಯಿಂದ ಪರೀಕ್ಷೆ ಬರುತ್ತೆ ಅಂತ. ನಿಮ್ಮ ಕಡೆಯಿಂದಲೇ ಬರುತ್ತೆ ಅಂದ್ಕೊಂಡಿರಲಿಲ್ಲ ನೋಡಿ."

"ಪರೀಕ್ಷೆ ಅಲ್ಲ. ಆವತ್ತು ಹೇಳಿದ ಮಾತು... ಅದು ನನ್ನದೇ ಮಾತು ಇದ್ದಿರಬಹುದು." ಸುಳ್ಳು ಎನ್ನಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿಂದ ಬಂದದ್ದು 'ಇದ್ದಿರಬಹುದು.'

"ನಿಮ್ಮ ಬಾಯಿಂದ ಬಂದಿದ್ದು ನಿಮ್ಮ ಮಾತಿನ ಹಾಗೇ ಇರುತ್ತೆ ತಾನೆ ಅಣ್ಣಾ? ನಲ್ಲಿಯಿಂದ ಬಂತು ಅಂತ ನೀರು ನಲ್ಲಿದಾಗುತ್ತಾ?" ಅವಳು ದುಪಟ್ಟಾದ ಮೇಲೆ ಕೈಯಿಟ್ಟುಕೊಂಡಳು. "ಎಷ್ಟು ಹೆದರಿದ್ದೆ ಗೊತ್ತಾ? ದನಿ ಹೋದ್ರೆ ನಾನು ಯಾರು? ನೀವು ಹೇಳಿದ ಮೇಲೆ ನಾನು ಸರಿಯಾಗಿ ಉಂಡೆ, ಮಲಗಿದೆ. ಅಮ್ಮ ಕೂಡ ಹೇಳಿದಳು, ಮುಖದಲ್ಲಿ ಕಳೆ ಬಂತು ಅಂತ." ಮತ್ತೆ ಗುಂಡಿ ಒತ್ತಿದಳು. ಯಾರದೋ ಮಗು ಕಳೆದುಹೋಗಿತ್ತು, ಕೆಂಪು ಅಂಗಿ ತೊಟ್ಟಿತ್ತು, ಕಂಡವರು ಇಲ್ಲಿಗೆ ಕರೆತರಬೇಕಾಗಿತ್ತು. ಅವಳು ಅದನ್ನು ಹೇಳುವ ರೀತಿಯಲ್ಲೇ ಆ ಮಗು ಸಿಕ್ಕೇ ಸಿಗುತ್ತದೆಂಬ ಧೈರ್ಯವಿತ್ತು. ಅವನು ಎದ್ದ. ಹೊರಡುವಾಗ ಅವಳು ಬಲವಂತ ಮಾಡಿ ಕೊಟ್ಟ ಬಿಸ್ಕತ್ತಿನ ಪೊಟ್ಟಣವನ್ನು ಅವನು ಬೇಡ ಎನ್ನದೆ ತೆಗೆದುಕೊಂಡ. ಮೆಟ್ಟಿಲಿಳಿಯುತ್ತ ಒಂದನ್ನು ಬಾಯಿಗೆ ಹಾಕಿಕೊಂಡೂ ಬಿಟ್ಟ. ಹಸಿವಾಗಿತ್ತು. ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ಕೆಮ್ಮಿದ.

ಮನೆಯಲ್ಲಿ ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು, ಅದರ ಹಿಂದೆ ಅತ್ತಿಗೆ ಪ್ರಾರ್ಥನೆಯಲ್ಲಿದ್ದಳು. ದಿನಾ ಸಂಜೆ ಅವಳು ಒಬ್ಬಳೇ ಹೀಗೆ ಅನ್ಯಭಾಷೆಯಲ್ಲಿ ಪ್ರಾರ್ಥಿಸುವುದು ಮನೆಗೆ ಗಡಿಯಾರದ ಟಿಕ್ ಟಿಕ್‌ನಷ್ಟು ರೂಢಿಯಾಗಿತ್ತು. ಒಬ್ಬಳೇ ಇದ್ದಾಗ ಅರ್ಥ ಹೇಳುವವರು ಬೇಕಾಗಿಲ್ಲ, ಅದು ಅವಳಿಗೂ ದೇವರಿಗೂ ಬಿಟ್ಟದ್ದು. ಅವನು ಚಪ್ಪಲಿ ಬಿಡುವುದನ್ನೂ ಮರೆತು ಆ ಬಾಗಿಲ ಮುಂದೆ ನಿಂತ. ಇಷ್ಟು ವರ್ಷ ಈ ದನಿಯಿಂದ ಏನು ಹೇಳಲಿ ಎಂದು ಹುಡುಕಿದ್ದನೇ ಹೊರತು ಒಮ್ಮೆಯಾದರೂ ಕೇಳಿದ್ದನೇ? ಕೇಳುವುದು ತನ್ನ ಕಸುಬು. ಪದಗಳನ್ನು ಬಿಟ್ಟು ಏರಿಳಿತಕ್ಕೆ ಕಿವಿಗೊಟ್ಟ. ದನಿ ಮೇಲೇರಿ, ಅಲ್ಲೇ ನಿಂತು, ಗುದ್ದಿದಂತೆ ಕೆಳಗಿಳಿಯುತ್ತಿತ್ತು. ಮತ್ತೆ ಏರುತ್ತಿತ್ತು. ಸಮಾಧಾನ ಹೇಳುವವರು ಹೀಗೆ ಮಾತಾಡುವುದಿಲ್ಲ ಅನ್ನಿಸಿತು.

"ಏನ್ರೀ, ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದೀರಿ, ಅಂಗಡಿ ಕೆಲಸ ಮನೇಲೂ ಶುರು ಮಾಡಿದ್ರಾ?" ಎಂದಳು ಹೆಂಡತಿ. "ಚಪ್ಪಲಿ ಬಿಡಿ ಅಂತ ಆಗಿನಿಂದ ಕೂಗ್ತಿದ್ದೀನಿ. ಅಕ್ಕನ ಭಾಷೆ ತಿಳಿಯುತ್ತೆ, ನಾನು ಕನ್ನಡದಲ್ಲಿ ಹೇಳಿದ್ದು ತಿಳಿಯಲ್ಲ."

"ಅದೂ ತಿಳಿಯಲ್ಲ ಕಣೇ," ಎಂದ.

ಅವಳು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವನ ಮುಖ ನೋಡಿದಳು. ಎಲ್ಲವನ್ನೂ ಹೇಳಿದ. ನಡುನಡುವೆ ಅವಳು ಬಯ್ಯುತ್ತಾಳೆಂದು ಕಾದ. ಬಯ್ಯಲಿಲ್ಲ. ಕಾಲರನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ, "ನನಗೆ ಮೊದಲಿಂದಲೂ ಅನುಮಾನ ಇತ್ತು," ಎಂದಳು. "ನೀವು ಹೇಳೋದೆಲ್ಲ ನಿಮ್ಮ ಹಾಗೇ ಇರೋದು. ಯಾರಿಗೂ ಬೇಜಾರಾಗಬಾರದು ಅನ್ನೋ ಹಾಗೆ. ದೇವರಿಗೆ ಒಂದು ಸಲನಾದ್ರೂ ರೇಗಬೇಡ್ವಾ?"

"ಭಾನುವಾರ ಸಭೇಲೇ ಹೇಳಿಬಿಡ್ತೀನಿ."

"ಹೇಳಿ. ಆದ್ರೆ ಅಕ್ಕನ ಗತಿ?" ಅವಳು ದನಿ ತಗ್ಗಿಸಿದಳು. ಅರ್ಥ ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಅನ್ಯಭಾಷೆ ಆಡುವ ಹಾಗಿಲ್ಲ, ಬಾಯಿ ಮುಚ್ಚಿ ಕೂರಬೇಕು. ಅದು ಎಲ್ಲರಿಗೂ ಗೊತ್ತಿದ್ದ ನಿಯಮ. "ನಾಲ್ಕು ಜನರ ಮುಂದೆ ಅವಳು ಬಾಯಿ ಬಿಡೋದು ಅದೊಂದು ಜಾಗದಲ್ಲಿ. ಅದಕ್ಕೂ ಬೀಗ ಹಾಕ್ತೀರಾ?"

ಆ ವಾರ ಅವನು ಅತ್ತಿಗೆಯ ಎದುರು ಕೂರುವುದನ್ನು ತಪ್ಪಿಸಿದ. ಶನಿವಾರ ಮಾತ್ರ ತಪ್ಪಿಸಲಾಗಲಿಲ್ಲ. ಅವಳು ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು, ಹೆಂಡತಿ ಹೊರಗೆ ಹೋಗಿದ್ದಳು. ಅವನೂ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡ. "ಅತ್ತಿಗೆ, ನೀವು ಮಾತಾಡುವಾಗ ಅದರ ಅರ್ಥ ನಿಮಗೆ ಗೊತ್ತಾಗುತ್ತಾ?" ಅವಳು ತಲೆಯಾಡಿಸಿದಳು, ಇಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹ... ಹಗುರಾಗುತ್ತೆ," ಎಂದಳು. "ಮತ್ತೆ ನಾನು ಹೇಳೋದು? ಅದು ಸರಿಯಾಗಿರುತ್ತೆ ಅನ್ನಿಸುತ್ತಾ?" ಅವಳ ಬೆರಳು ನಿಂತಿತು. ತುಟಿ ಕೂಡಿಕೊಂಡು, ಗಲ್ಲ ನಡುಗಿ, ಒಂದು ಅಕ್ಷರ ಹೊರಗೆ ಬರಲು ಒದ್ದಾಡಿತು. ಅದನ್ನು ನೋಡುವುದು ಅವನಿಗೆ ಎಂದಿನಿಂದಲೂ ಆಗದು. "ಹೋಗಲಿ ಬಿಡಿ, ಹೋಗಲಿ ಬಿಡಿ," ಎಂದು ಎದ್ದು, ಸಿಪ್ಪೆಯನ್ನು ಬುಟ್ಟಿಗೆ ಸುರಿಯುವ ನೆಪದಲ್ಲಿ ಹೊರಟುಹೋದ. ನಾಳೆ ಏನು ಮಾಡಲಿದ್ದೇನೆ ಎಂಬುದನ್ನೂ ಹೇಳಲಿಲ್ಲ.

ಭಾನುವಾರ ಹಾಲಿನಲ್ಲಿ ಕೆಳಗಿನ ಅಂಗಡಿಯ ವಾರ್ನಿಷ್ ವಾಸನೆ ತುಂಬಿತ್ತು. ಅನೌನ್ಸರ್ ಹುಡುಗಿ ಹಾಡು ಎತ್ತಿಕೊಟ್ಟಳು. ಇಂದು ಅವಳ ಕುತ್ತಿಗೆಗೆ ದುಪಟ್ಟಾ ಇರಲಿಲ್ಲ. ಗಂಟು ಕಾಣುತ್ತಿತ್ತು, ಅವಳು ಅದನ್ನು ನಾಚಿಕೆಯಿಲ್ಲದೆ ಹೊತ್ತುಕೊಂಡಿದ್ದಳು. ಪಾಸ್ಟರು ಅವಳನ್ನು ತೋರಿಸಿ ನಂಬಿಕೆಯ ಬಗ್ಗೆ ಮಾತಾಡಿದರು. ಆಮೇಲೆ ಅತ್ತಿಗೆ ಎದ್ದಳು. ಆ ಭಾಷೆ ಹರಿಯಿತು, ಏರಿತು, ಮುಗಿಯಿತು, ಅವಳು ಎಂದಿನಂತೆ ಕಣ್ಣು ಮುಚ್ಚಿಯೇ ನಿಂತು ಅವನಿಗಾಗಿ ಕಾದಳು. ಪ್ಲಾಸ್ಟಿಕ್ ಕುರ್ಚಿಗಳು ಕಿರುಗುಟ್ಟಿದವು, ಎಲ್ಲರೂ ಅವನತ್ತ ತಿರುಗಿದರು. ಅವನು ಎದ್ದ. ಈಗಲಾದರೂ ಬರಬಹುದೆಂದು, ಆ ಹಳೆಯ ಬಿಸಿಯ ಒಂದು ಎಳೆಯಾದರೂ ಬಂದು ತನ್ನನ್ನು ಉಳಿಸಬಹುದೆಂದು ಒಳಗೆ ನೋಡಿದ. ಫ್ಯಾನು ತಿರುಗುವುದಷ್ಟೇ ಕೇಳಿಸಿತು.

"ನನಗೆ ಅರ್ಥ ಬರಲಿಲ್ಲ," ಎಂದ. ದನಿ ತನ್ನದಲ್ಲದಂತಿತ್ತು. "ಹೋದ ವಾರವೂ ಬಂದಿರಲಿಲ್ಲ. ಕತ್ತಿ ತಾಕಲ್ಲ ಅಂದದ್ದು ನಾನು. ದೇವರಲ್ಲ. ಅಮ್ಮಾ, ನೀನು ಆಪರೇಷನ್ ಮಾಡಿಸ್ಕೋಬೇಕು."

ಪಾಸ್ಟರು ನಗುವ ಪ್ರಯತ್ನ ಮಾಡಿದರು. "ಅಣ್ಣನಿಗೆ ದಣಿವಾಗಿದೆ..." "ದಣಿವಲ್ಲ, ಪಾಸ್ಟರ್. ಬಹಳ ದಿನದಿಂದ ಹೀಗೇ." ಆಗ ಟೈರಿನ ಅಂಗಡಿಯವನು ಎದ್ದ. "ನೀವು ಹೇಳಿದಿರಿ ಅಂತ ತಾನೆ ನಾನು ನಮ್ಮಣ್ಣನ ಹತ್ರ ಹೋಗಿ ಕಾಲು ಹಿಡಿದು ರಾಜಿ ಆಗಿದ್ದು? ಈಗ ಏನ್ಮಾಡಲಿ, ಹೋಗಿ ಜಗಳ ವಾಪಸ್ ತಗೊಳ್ಳಲಾ?" ಯಾರೋ ನಕ್ಕರು, ನಕ್ಕವರ ಮೇಲೆ ಯಾರೋ ರೇಗಿದರು. ಹಿಂದಿನ ಸಾಲಿನ ಅಜ್ಜಿ ತನಗೆ ಹೇಳಿದ್ದೂ ಸುಳ್ಳೇ, ತನ್ನ ಮಗ ಎಲ್ಲಿದ್ದರೂ ಸುಖವಾಗಿದ್ದಾನೆ ಅಂದದ್ದೂ ಸುಳ್ಳೇ ಎಂದು ಪಕ್ಕದವಳನ್ನು ಕೇಳುತ್ತಲೇ ಇದ್ದಳು. ಅನೌನ್ಸರ್ ಹುಡುಗಿ ಮಾತ್ರ ಏನೂ ಕೇಳಲಿಲ್ಲ. ಕೈ ತಾನಾಗಿ ಕುತ್ತಿಗೆಗೆ ಹೋಯಿತು, ಮುಚ್ಚಿಕೊಳ್ಳಲು ಏನೂ ಇರಲಿಲ್ಲ. ಚೀಲ ಎತ್ತಿಕೊಂಡು ಅವನ ಕುರ್ಚಿಯ ಪಕ್ಕದಲ್ಲೇ ಹಾದು ಹೋಗುವಾಗ ನಿಂತಳು. "ಕೊಡದೇ ಇದ್ದಿದ್ರೆ ಆಗ್ತಿರಲಿಲ್ವಾ ಅಣ್ಣಾ? ಕೊಟ್ಟು ಕಿತ್ಕೊಂಡ್ರಲ್ಲ," ಎಂದಳು. ಮೆಟ್ಟಿಲಿಳಿಯುವ ಸದ್ದು ಕೊನೆಯ ತನಕ ಕೇಳಿಸಿತು.

ಅತ್ತಿಗೆ ಇನ್ನೂ ನಿಂತೇ ಇದ್ದಳು. ಪಾಸ್ಟರು ಕೆಟ್ಟ ಮನುಷ್ಯರೇನಲ್ಲ. ಆದಷ್ಟು ಮೆಲ್ಲಗೆ ನಿಯಮ ಹೇಳಿದರು. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು. ಅವಮಾನವಾದವರು ಕೂರುವ ಹಾಗಲ್ಲ, ಬಸ್ಸು ಬರುವುದಿಲ್ಲವೆಂದು ತಿಳಿದವರು ಕೂರುವ ಹಾಗೆ. ಆ ಸಂಜೆ ಒಳಗಿನ ಕೋಣೆಯ ಬಾಗಿಲ ಹಿಂದೆಯೂ ಸದ್ದಿರಲಿಲ್ಲ.

ಆ ಹುಡುಗಿ ಆಸ್ಪತ್ರೆಗೆ ಸೇರಿದ್ದು ಹೆಂಡತಿಯಿಂದ ತಿಳಿಯಿತು. ಹೆಂಡತಿ ಹಣ್ಣು, ಬ್ರೆಡ್ಡು ತೆಗೆದುಕೊಂಡು ನೋಡಿಬಂದಳು. ತೆಗೆದ ಗಂಟು ಒಳ್ಳೆಯದಾಗಿರಲಿಲ್ಲ, ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರಂತೆ ಡಾಕ್ಟರು. "ಬದುಕಿದಳು ಬಿಡಿ," ಎಂದಳು ಹೆಂಡತಿ, ಬಾಸ್ಕೆಟ್ಟಿನಿಂದ ಖಾಲಿ ಡಬ್ಬಿ ತೆಗೆಯುತ್ತ. "ದನಿ ಹೋಗಿದೆ. ಪಿಸುಪಿಸು ಅಷ್ಟೇ. ಬರಬಹುದು, ಬರದೇನೂ ಇರಬಹುದು." ಅವನು ಕಾದ. "ನಿಮ್ಮ ಬಗ್ಗೆ ಏನೂ ಕೇಳಲಿಲ್ಲ." ಬಸ್ ನಿಲ್ದಾಣದ ಮುಂದೆ ಹಾದುಹೋಗುವುದನ್ನು ಅವನು ನಿಲ್ಲಿಸಿದ. ಅಲ್ಲಿ ಈಗ ಯಾರೋ ಗಂಡಸು ಕೂಗುತ್ತಾನಂತೆ, ಏನೂ ಗೊತ್ತಾಗುವುದಿಲ್ಲವಂತೆ ಎಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಗೊಣಗಿ, ತಪ್ಪು ತಮ್ಮ ಕಿವಿಯದೋ ಎಂದು ಅನುಮಾನದಿಂದ ಕೇಳಿದರು. ನಿಮ್ಮ ಕಿವಿ ಸರಿ ಇದೆ ಎಂದ. ಬದುಕಿದಳು ಎಂದು ಸಮಾಧಾನ ಮಾಡಿಕೊಳ್ಳಲು ಹೋದಾಗೆಲ್ಲ ಅವನ ತಲೆಯೊಳಗೆ ಆ ಅಜ್ಜಿ ಕೇಳುತ್ತಿದ್ದಳು, ನನಗೆ ಹೇಳಿದ್ದೂ ಸುಳ್ಳೇ ಎಂದು.

ಸಭೆಗೆ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಅತ್ತಿಗೆಯೂ ಬಿಡಬೇಕಾದೀತು ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿ ಮನೆಯಲ್ಲಿ ಒಬ್ಬನೇ ಕೂರಲು ಹೆದರಿಕೆಯಾಗಿತ್ತು. ಜನ ಕಂಡರೆ ತಲೆಯಾಡಿಸುತ್ತಿದ್ದರು, ಆದರೆ ಅರ್ಥದಣ್ಣ ಅನ್ನುವುದು ನಿಂತಿತ್ತು, ಬೇರೇನು ಕರೆಯಬೇಕೆಂದು ಗೊತ್ತಾಗದೆ 'ಇವರೇ' ಅನ್ನುತ್ತಿದ್ದರು. ಒಂದು ಭಾನುವಾರ ಅನೌನ್ಸರ್ ಹುಡುಗಿ ಬಂದಳು. ಇಳಿದುಹೋಗಿದ್ದಳು. ಕುತ್ತಿಗೆಯ ಮೇಲೆ ಎಳೆಯ ಗೆರೆ. ಎರಡನೇ ಸಾಲಿಗೆ ಹೋಗದೆ ಕೊನೆಯಲ್ಲಿ ಅತ್ತಿಗೆಯ ಪಕ್ಕ ಕೂತಳು. ಹಾಡು ಯಾರೋ ತಪ್ಪು ಶ್ರುತಿಯಲ್ಲಿ ಎತ್ತಿದರು. ಅವನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬೆನ್ನಿಗೆ ಮಾತ್ರ ಗೊತ್ತಾಗುತ್ತಿತ್ತು, ಬಾಯಿ ಮುಚ್ಚಿದ ಆ ಇಬ್ಬರು ಹೆಂಗಸರು ಎಲ್ಲಿ ಕೂತಿದ್ದಾರೆಂದು.

ಪ್ರಾರ್ಥನೆಯ ಕೋರಿಕೆಗಳ ಹೊತ್ತು. ಒಬ್ಬರ ಮಂಡಿ ನೋವು, ಇನ್ನೊಬ್ಬರ ಮಗಳ ಕೆಲಸ. ಮತ್ತೆ ಯಾರಾದರೂ ಎಂದು ಪಾಸ್ಟರು ಕೇಳಿದಾಗ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಎಲ್ಲರೂ ತಿರುಗಿದರು, ಅವನೂ ತಿರುಗಿದ. ಅತ್ತಿಗೆ ಎದ್ದು ನಿಂತಿದ್ದಳು. ಕಣ್ಣು ತೆರೆದೇ ಇತ್ತು.

"ನ..." ಎಂದಳು. "ನ... ನ..."

ಪಾಸ್ಟರ ಮುಖದಲ್ಲಿ ಮರುಕ ಕಂಡಿತು. "ನನಗೋಸ್ಕರ ಪ್ರಾರ್ಥನೆ ಮಾಡಿ ಅಂತಾನಾ ಅಮ್ಮಾ?" ಅವಳು ತಲೆಯಾಡಿಸಿದಳು, ಅಲ್ಲ. "ನಡುನೋವಾ?" ಎಂದರು ಯಾರೋ. "ನರದ ತೊಂದರೆನಾ?" ಜನ ನೆಲ ನೋಡತೊಡಗಿದರು. ಅವಳ ಗಲ್ಲ ನಡುಗಿತು, ಕತ್ತಿನ ನರ ಹುರಿಗೊಂಡಿತು. ಅವನಿಗೆ ತಡೆಯಲಾಗಲಿಲ್ಲ. ಕುರ್ಚಿಯಿಂದ ಅರ್ಧ ಎದ್ದ. ಅವಳ ಪರವಾಗಿ ಏನೋ ಒಂದು ಹೇಳಿ ಇದನ್ನು ಮುಗಿಸಿಬಿಡಲು ಬಾಯಿ ತೆರೆದೇಬಿಟ್ಟಿದ್ದ.

"ತಡೀರಿ."

ಹರಿದ ಕಾಗದದಂಥ ಆ ಪಿಸುದನಿ ಅನೌನ್ಸರ್ ಹುಡುಗಿಯದೆಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಅವರೇ ಹೇಳ್ತಾರೆ."

ಅವನು ಕೂತ.

"ನನಗೆ," ಎಂದಳು ಅತ್ತಿಗೆ. "ಕೋ... ಕೋ..." ಫ್ಯಾನು ಸುತ್ತುತ್ತಿತ್ತು. ಕೆಳಗೆ ಯಾರೋ ಮರಕ್ಕೆ ಉಜ್ಜುಕಾಗದ ಉಜ್ಜುತ್ತಿದ್ದರು. "ಕೋಪ... ಬಂದಿದೆ."

ಪಾಸ್ಟರು ಏನೋ ಒಳ್ಳೆಯ ಮಾತು ಹುಡುಕಿಕೊಂಡು, "ಅಮ್ಮಾ, ಕೋಪವನ್ನ ನಾವು..." ಎನ್ನುವಷ್ಟರಲ್ಲಿ ಆ ಪಿಸುದನಿ ಮತ್ತೆ, "ಇನ್ನೂ ಮುಗಿದಿಲ್ಲ ಪಾಸ್ಟರ್," ಎಂದಿತು.

"ತುಂಬಾ... ವ... ವರ್ಷದಿಂದ," ಎಂದಳು ಅತ್ತಿಗೆ. ಈಗ ಅವಳು ಯಾರನ್ನೂ ನೋಡದೆ ಅವನನ್ನೇ ನೋಡುತ್ತಿದ್ದಳು. ಅವನ ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನೊಳಗೆ ಹೋಯಿತು. ಮುಂದಿನ ಮಾತಿನ ಮೊದಲ ಅಕ್ಷರ ಅವಳ ತುಟಿಯಲ್ಲಿ ಕಟ್ಟಿಕೊಂಡು ನಡುಗುತ್ತಿತ್ತು. ಅದು ಏನಿರಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಖ ತಿರುಗಿಸದೆ, ಅದು ಬರುವುದನ್ನೇ ಕಾಯುತ್ತ ಕೂತ.